ಹಿತ್ತಾಳೆ ತಗಡಿಗೊಂದು ಪದ

ಚಿಕ್ಕಬಳ್ಳಾಪುರ
೧೨-೨-೧೯೫೯

ಪ್ರಿಯ ಮುನಿನಾರಾಯಣಪ್ಪನಿಗೆ ಆವಲಪ್ಪನ ನಮಸ್ಕಾರಗಳು.

ನಾಲ್ಕು ವರ್ಷ ಕಾಗದ ಬರೆಯದವನು ಈಗ ಬರೆಯುತ್ತಿದ್ದಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಊಹಿಸಿರುತ್ತೀಯ. ನಿನ್ನ ಊಹೆ ಸರಿ. ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ನನ್ನ ಲೆಕ್ಕಗಳನ್ನೆಲ್ಲ ನೀನೇ ಮಾಡಿಕೊಡುತ್ತಿದ್ದೆ. ಕೇಳುವ ಅಭ್ಯಾಸ ನನಗಿನ್ನೂ ಹೋಗಿಲ್ಲ.

ನಾನು ವಾರದಲ್ಲಿ ಆರು ದಿನ ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಏಳನೆಯ ದಿನ ಹಾಸ್ಯ ಲೇಖಕ. ನಮ್ಮ ವಾರಪತ್ರಿಕೆಯಲ್ಲಿ ನನ್ನ ಅಂಕಣಕ್ಕೆ ಮೂವರು ಓದುಗರು. ಅವರಲ್ಲೊಬ್ಬ ಅಚ್ಚಿನ ಮೊಳೆ ಜೋಡಿಸುವವನು, ಅವನಿಗೆ ಬೇರೆ ದಾರಿಯಿಲ್ಲ.

ವಿಷಯಕ್ಕೆ ಬರುತ್ತೇನೆ. ಮೂರು ತಿಂಗಳ ಹಿಂದೆ ಮೆಕ್ಸಿಕೋ ದೇಶದಿಂದ ಸೆನ್ಯೋರಾ ಇನೆಸ್ ಎಂಬ ಪತ್ರಕರ್ತೆ ರೇಷ್ಮೆ ನೋಡಲೆಂದು ಶಿಡ್ಲಘಟ್ಟಕ್ಕೆ ಬಂದಿದ್ದರು. ನಾನೇ ದುಭಾಷಿ. ಆಕೆಯ ಇಂಗ್ಲಿಷು, ನನ್ನ ಇಂಗ್ಲಿಷು ಕಿರುದಾರಿಯಲ್ಲಿ ಎದುರುಬದುರಾದ ಎರಡು ಗಾಡಿಗಳ ಹಾಗೆ ಹೇಗೋ ಉಜ್ಜಿಕೊಂಡು ದಾಟಿದವು. ಆಕೆ ಇದ್ದಾಗಲೇ, ಗೂಡಿನಿಂದ ನೂಲು ತೆಗೆಯುವ ಚರಕದ ಶೆಡ್ಡಿನ ಬಾವಿ ಸಂಗತಿ ನಡೆಯಿತು. ಅದು ನಿನ್ನ ಕಿವಿಗೂ ಬಿದ್ದಿರಬೇಕು. ಈಗ ಕಾಗದ ಬಂದಿದೆ. ಆಕೆಯ ಪತ್ರಿಕೆಯ ಓದುಗ ಹೆಂಗಸರೆಲ್ಲ ಸೇರಿ ನಮ್ಮೂರಿಗೆ ಒಂದು ಕೈಪಂಪು ಕಳಿಸುತ್ತಾರಂತೆ. ಪಂಪಿಗೊಂದು ಹಿತ್ತಾಳೆ ತಗಡು. ತಗಡಿನ ಮೇಲೆ ಬಾವಿಯ ನ್ಯಾಯಕ್ಕಾಗಿ ನಿಂತವರ ಹೆಸರು. ಹೆಸರಿನ ಮೇಲೆ ಸ್ಪ್ಯಾನಿಷ್ ಭಾಷೆಯ ಒಂದೇ ಒಂದು ಪದ.

ನ್ಯಾಯದ ಪರ ನಿಲ್ಲುವವರನ್ನು ಇಂಗ್ಲಿಷಿನವರು ಚಾಂಪಿಯನ್ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ, ನಮ್ಮಲ್ಲಿ ಅದಕ್ಕೆ ಹತ್ತು ಪದಗಳಿವೆ, ಒಂದೊಂದರ ವಾಸನೆ ಒಂದೊಂದು, ಆ ಮನುಷ್ಯರನ್ನು ಬಲ್ಲವರೇ ಆರಿಸಲಿ ಎಂದು ಆಕೆ ಬರೆದಿದ್ದಾರೆ. ದೆಹಲಿಯ ರಫ್ತು ಕಂಪನಿಯಲ್ಲಿ ಸ್ಪ್ಯಾನಿಷ್ ಕಾಗದ ನೋಡಿಕೊಳ್ಳುವ ಗೆಳೆಯ ನನಗಿದ್ದಾನೆ ಎಂದು ಆಕೆಯೆದುರು ಜಂಬ ಕೊಚ್ಚಿಕೊಂಡಿದ್ದೆ. ಆ ಜಂಬ ಉಳಿಸುವುದು ನಿನ್ನ ಕೈಯಲ್ಲಿದೆ.

ನಾನೂ ಕನ್ನಡದಲ್ಲಿ ಧುರೀಣ, ಮುಂದಾಳು, ಪ್ರತಿಪಾದಕ ಎಂದೆಲ್ಲ ಬರೆದು ನೋಡಿದೆ. ಎಲ್ಲವೂ ಮುನಿಸಿಪಾಲಿಟಿ ಚುನಾವಣೆಯ ಕರಪತ್ರದ ಹಾಗೆ ಕಂಡವು.

ಇಂತಿ ನಿನ್ನ
ಆವಲಪ್ಪ


ಕರೋಲ್ ಬಾಗ್, ದೆಹಲಿ
೨೩-೨-೧೯೫೯

ಆವಲಪ್ಪಾ,

ನಿನ್ನ ಕಾಗದವನ್ನು ಆಫೀಸಿನಲ್ಲೇ ಒಡೆದು ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಹೆಡ್ ಕ್ಲಾರ್ಕು ಕನ್ನಡಕದ ಮೇಲಿಂದ ನೋಡಿದ. ನೋಡಿಕೊಳ್ಳಲಿ.

ಅಕ್ಕ ಬಾವಿಯಲ್ಲಿ ನೀರು ಸೇದಿದಳು ಎಂದು ನಲ್ಲಪ್ಪ ಮಾವ ಹಾಕಿದ ಕಾರ್ಡಿನಲ್ಲಿ ಒಂದು ಸಾಲಿತ್ತು. ಮಾವನ ಕಾರ್ಡಿನಲ್ಲಿ ಎಂದೂ ಎರಡನೆಯ ಸಾಲು ಇರುವುದಿಲ್ಲ. ಈಗ ನಿನ್ನ ಕಾಗದದಿಂದ ಮಿಕ್ಕದ್ದು ತಿಳಿಯಿತು. ಹದಿನಾರು ವರ್ಷ ಮುನಿಶಾಮಮ್ಮ ಆ ಶೆಡ್ಡಿನಲ್ಲಿ ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನಿಂದ ಎಳೆ ತೆಗೆದಿದ್ದಾಳೆ. ಆ ಎಳೆ ಸೀರೆಯಾದರೆ ಮಡಿ, ಉಟ್ಟು ದೇವರ ಮುಂದೆ ನಿಲ್ಲಬಹುದು. ಎಳೆ ತೆಗೆದ ಕೈ ಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆ. ನೀರು ಹುಯ್ಯುವ ಆಳು ಬಯ್ಯಪ್ಪ ಬಂದು ಮೇಲಿನಿಂದ ಬೊಗಸೆಗೆ ಹುಯ್ಯುವವರೆಗೂ ಹನ್ನೊಂದು ಹೆಂಗಸರು ಒಲೆಯ ಮುಂದೆ ಗಂಟಲೊಣಗಿಸಿಕೊಂಡು ಕೂತಿರಬೇಕು. ನಮ್ಮಕ್ಕ ಹಗ್ಗ ಹಿಡಿದಳು. ಅವಳ ಹೆಸರು ಹಿತ್ತಾಳೆಯಲ್ಲಿ! ಅದೂ ನಿನ್ನ ಕೈಯಿಂದ!

ಪದಗಳನ್ನು ಇಲ್ಲಿ ಹರಡುತ್ತೇನೆ. ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಹಿಚುಕಿ ನೋಡು.

ಕಾಂಪೆಯೋನಾ. ಚಾಂಪಿಯನ್ ಪದಕ್ಕೆ ಹತ್ತಿರದ ನಂಟು. ಆದರೆ ಕಿವಿಗೆ ಬಿದ್ದೊಡನೆ ಪಂದ್ಯ ಗೆದ್ದು ಬಟ್ಟಲು ಹಿಡಿದವಳು ಕಾಣುತ್ತಾಳೆ. ಬೇಡ. ಪಾಲಾದಿನ್ ಎಂದರೆ ಕುದುರೆಯೇರಿ ಕತ್ತಿ ಹಿಡಿದು ಬಂದ ವೀರ. ಅಕ್ಕ ಕುದುರೆಯನ್ನು ಕಂಡಿದ್ದು ಜಟಕಾ ಸ್ಟ್ಯಾಂಡಿನಲ್ಲಿ ಮಾತ್ರ. ಅಬಾಂದೆರಾದಾ, ಬಾವುಟ ಹೊತ್ತವಳು. ಬಾವುಟ ಹೊರುವವರು ಊರಲ್ಲಿ ಬೇಕಾದಷ್ಟಿದ್ದಾರೆ, ಹಗ್ಗ ಹಿಡಿದವಳು ಒಬ್ಬಳೇ. ಆದಾಲಿದ್ ಸೊಗಸಾಗಿದೆ, ಮುಂದೆ ನಡೆದು ದಾರಿ ತೋರುವವರು. ಚಿಂತಾಮಣಿ ಸಂತೆಯಲ್ಲಿ ಸಾಬರು ವಾದಕ್ಕೆ ದಲೀಲು ಅನ್ನುತ್ತಾರಲ್ಲ, ಅದೂ ಇದೂ ಒಂದೇ ಅರಬ್ಬಿ ತಾಯಿಯ ಮಕ್ಕಳು. ಆದರೆ ತೀರ ಪುಸ್ತಕದ ಪದ. ಲುಚಾದೋರಾ ಎಂದರೆ ಹೋರಾಡುವವಳು. ಅರ್ಥ ಸರಿಯಾಗಿದೆ, ಆದರೆ ಆ ದೇಶದಲ್ಲಿ ಮುಖವಾಡ ಹಾಕಿಕೊಂಡು ಕುಸ್ತಿಯಾಡುವವರಿಗೂ ಅದೇ ಪದ. ನನ್ನ ಅಕ್ಕನಿಗೆ ಬೇಡವೇ ಬೇಡ.

ನನ್ನ ಆಯ್ಕೆ ದೆಫೆನ್ಸೋರಾ. ಬೇರೆಯವರಿಗಾಗಿ ಮುಂದೆ ಬಂದು ಅಡ್ಡ ನಿಲ್ಲುವವಳು. ಗೌರವವಾದ ಪದ, ಹಿತ್ತಾಳೆಗೆ ಒಪ್ಪುತ್ತದೆ.

ಅಕ್ಕನಿಗೆ ಓದಿ ಹೇಳು. ಅವಳ ಮುಖ ಹೇಗಾಯಿತೆಂದು ಬರಿ.

ನಿನ್ನ
ಮುನಿನಾರಾಯಣಪ್ಪ


ಚಿಕ್ಕಬಳ್ಳಾಪುರ
೧೦-೩-೧೯೫೯

ಪ್ರಿಯ ಮುನಿನಾರಾಯಣಪ್ಪ,

ನಿನ್ನ ಪದಗಳ ಸಂತೆ ನೋಡಿ ಸಂತೋಷವಾಯಿತು. ಒಂದು ಸಣ್ಣ ತಿದ್ದುಪಡಿ ಬೇಕಾಗಿದೆ. ತಗಡಿನ ಮೇಲೆ ಬರಬೇಕಾದ ಹೆಸರು ಶ್ರೀ ವೆಂಕಟರಾಮಪ್ಪನವರು, ಚರಕದ ಶೆಡ್ಡಿನ ಮಾಲೀಕರು. ನನ್ನ ಶ್ಯಾಮಲಮ್ಮನ ತಂದೆ, ಅಂದರೆ ನನಗೆ ಮಾವ.

ಕಾಗದ ಹರಿಯಬೇಡ. ಕಥೆ ಕೇಳು, ನಿನಗೂ ನಗು ಬರುತ್ತದೆ.

ಆ ದಿನ ಬಯ್ಯಪ್ಪ ಗೌರಿಬಿದನೂರಿಗೆ ಮದುವೆಗೆ ಹೋಗಿದ್ದ. ಮಧ್ಯಾಹ್ನದವರೆಗೂ ಹುಯ್ಯುವವರಿಲ್ಲ. ನಿಮ್ಮಕ್ಕ ಎದ್ದು ಹೋಗಿ ಹಗ್ಗ ಇಳಿಬಿಟ್ಟು, ಸೇದಿ, ಕೊಡದಿಂದಲೇ ಕುಡಿದಳು. ಮೆಕ್ಸಿಕೋದಾಕೆ ಬಾಗಿಲಲ್ಲಿ ನಿಂತು ನೋಡಿದರು. ಮಾರನೆಯ ಬೆಳಿಗ್ಗೆ ನಮ್ಮ ಮಾವ ಪುರೋಹಿತರನ್ನು ಕರೆಸಿ ಬಾವಿಗೆ ಪುಣ್ಯಾಹ ಮಾಡಿಸಿದರು. ಹಗ್ಗ ಹೊಸದು, ರಾಟೆ ತೊಳೆದದ್ದು. ಕೈಯಲ್ಲಿ ಚೊಂಬು, ಚೊಂಬಿನಲ್ಲಿ ಮಾವಿನೆಲೆ. ಮಾವ ಖುದ್ದಾಗಿ ಬಾವಿಕಟ್ಟೆಗೆಲ್ಲ ನೀರು ಚಿಮುಕಿಸಿದರು. ರಾತ್ರಿಯೆಲ್ಲ ಒಣಗಿದ ನೂಲಿಗೆ ಮಾತ್ರ ಯಾರೂ ಚಿಮುಕಿಸಲಿಲ್ಲ. ಅದು ನೇರ ಮಾರ್ಕೆಟ್ಟಿಗೆ ಹೋಯಿತು. ರೇಷ್ಮೆಗೆ ಮೈಲಿಗೆ ಅಂಟುವುದಿಲ್ಲವಂತೆ, ಬಲು ನಯ ನೋಡು.

ಇದನ್ನು ಕಂಡು ಸೆನ್ಯೋರಾ ಕಣ್ಣಲ್ಲಿ ನೀರು ತಂದುಕೊಂಡರು! ಅವರ ದೇಶದಲ್ಲಿ ಹೊಸ ಸೇತುವೆ, ಹೊಸ ಅಂಗಡಿ ಏನೇ ತೆರೆದರೂ ಪಾದ್ರಿ ಬಂದು ಹೀಗೇ ತೀರ್ಥ ಚಿಮುಕಿಸುತ್ತಾನಂತೆ. "ನಿನ್ನೆ ಆ ಹೆಂಗಸು ಕುಡಿದಳು, ಇಂದು ಮಾಲೀಕರೇ ಹರಸಿ ಬಾವಿಯನ್ನು ಎಲ್ಲರಿಗೂ ತೆರೆದರು, ಅಲ್ಲವೇ?" ಎಂದು ನನ್ನನ್ನು ಕೇಳಿದರು. ಮಾವ ನನ್ನ ಭುಜದ ಪಕ್ಕದಲ್ಲೇ ನಿಂತಿದ್ದರು. ನಾನು ತಲೆಯಾಡಿಸಿದೆ. ಹೆಚ್ಚೇನೂ ಇಲ್ಲ, ಗೋಡೆ ಮೇಲಿನ ಗೌಳಿಯ ಹೆಜ್ಜೆಯಷ್ಟು. ಆಕೆ ಫೋಟೋ ಹೊಡೆದುಕೊಂಡರು.

ಈಗ ಮಾವ ಕಂಡಾಗಲೆಲ್ಲ ಕೇಳುತ್ತಾರೆ: "ಏನ್ರೀ ಮೇಷ್ಟ್ರೇ, ನಮ್ಮ ಪದ ಬಂತಾ? ಕುದುರೆ ಮೇಲೆ ಕೂತಿರೋದು ಒಂದೈತಂತಲ್ಲ, ಅದೇ ಇರಲಿ."

ಮೈಲಿಗೆ ಕಳೆಯಲು ಚಿಮುಕಿಸಿದ ನೀರಿಗೆ ಮೆಕ್ಸಿಕೋದಿಂದ ಬಹುಮಾನ! ನನ್ನ ಅಂಕಣದಲ್ಲಿ ನಾನು ಇಂಥದನ್ನು ಕಟ್ಟಿ ಬರೆದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಾರೆ. ನಗು ಬರಲಿಲ್ಲವೇ?

ನಿನ್ನ
ಆವಲಪ್ಪ


ಕರೋಲ್ ಬಾಗ್
೨-೪-೧೯೫೯

ಆವಲಪ್ಪ,

ಬರಲಿಲ್ಲ.

ನಿನ್ನ ಕಾಗದ ಬಂದ ದಿನವೇ ನಲ್ಲಪ್ಪ ಮಾವನಿಗೆ ಜವಾಬು ಕಾರ್ಡು ಹಾಕಿ, ಎರಡನೆಯ ಸಾಲನ್ನು ಬರೆಯಲೇಬೇಕು ಎಂದು ಕೇಳಿದೆ. ಬರೆದಿದ್ದಾರೆ. ಪುಣ್ಯಾಹದ ದಿನವೇ ಅಕ್ಕನನ್ನು ಶೆಡ್ಡಿನಿಂದ ಆಚೆ ಹಾಕಿದರು. ಊರಲ್ಲಿ ಇನ್ನಾವ ಚರಕದವರೂ ಅವಳನ್ನು ಕೂರಿಸುತ್ತಿಲ್ಲ. ಈಗ ಸಾದಲಿಯಲ್ಲಿ ಯಾರದೋ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೀಳುತ್ತಾಳೆ.

ನೀನು ಎರಡು ಕಾಗದ ಬರೆದೆ. ರಾಟೆ ತೊಳೆದದ್ದು, ಚೊಂಬು, ಮಾವಿನೆಲೆ, ಗೌಳಿ, ಎಲ್ಲಕ್ಕೂ ಜಾಗ ಸಿಕ್ಕಿತು. ಈ ಒಂದು ಮಾತಿಗೆ ಕಾಗದ ಸಾಲದೆ ಹೋಯಿತೇ? ಗೆಳೆಯನ ಅಕ್ಕನ ಅನ್ನ ಕಿತ್ತವನಿಗೆ ಪದ ಹುಡುಕಿಕೊಡು ಎಂದು ಆ ಗೆಳೆಯನನ್ನೇ ಕೇಳುವುದಕ್ಕೆ ನಿನಗೆ ಎಷ್ಟು ಧೈರ್ಯ! ನಿನ್ನ ಹಾಸ್ಯಕ್ಕೆ ಈ ದೇಶದಲ್ಲಿ ಮೂವರು ಓದುಗರಿದ್ದರು, ಈಗ ಇಬ್ಬರು.

ನಿನ್ನ ಮಾವನಿಗೆ ಪದ ಬೇಕಲ್ಲವೇ? ಐವತ್ತೈದನೆಯ ಇಸವಿಯ ಅಸ್ಪೃಶ್ಯತೆ ಕಾಯಿದೆ ತೆಗೆದು ನೋಡು. ಅವರಿಗೆ ಹೊಂದುವ ಪದ ಅದರಲ್ಲಿದೆ. ಅದಕ್ಕೆ ಸ್ಪ್ಯಾನಿಷ್ ಬೇಕಾಗಿಲ್ಲ.

ಸೆನ್ಯೋರಾಗೆ ನಿಜ ಬರಿ. ನಾನೇ ಬರೆಯಬಲ್ಲೆ, ನಿನಗಿಂತ ಚೆನ್ನಾಗಿ ಅವಳ ಭಾಷೆಯಲ್ಲೇ ಬರೆಯಬಲ್ಲೆ. ಆದರೆ ಅಕ್ಕನ ಪರ ತಮ್ಮ ಬರೆದ ಕಾಗದವನ್ನು ಯಾರು ನಂಬುತ್ತಾರೆ? ಕಣ್ಣಾರೆ ಕಂಡವನು ನೀನು. ತಲೆಯಾಡಿಸಿದವನೂ ನೀನು. ಆಡಿಸಿದ ತಲೆಯಿಂದಲೇ ತಿದ್ದಬೇಕು.

ಮುನಿನಾರಾಯಣಪ್ಪ


ಚಿಕ್ಕಬಳ್ಳಾಪುರ
೧೯-೪-೧೯೫೯

ಶ್ರೀಮಾನ್ ಎಂ. ನಾರಾಯಣ್ ಅವರ ಸನ್ನಿಧಾನಕ್ಕೆ,

ಹೆಸರು ಸರಿಯಾಗಿದೆ ತಾನೇ? ನಿಮ್ಮ ಬಾಗಿಲ ಮೇಲೆ ಹಾಗೇ ಬರೆದಿದೆಯಂತೆ. ಹೋದ ಬೇಸಿಗೆಯಲ್ಲಿ ಚಿಂತಾಮಣಿಯ ಚನ್ನಕೇಶವ ದೆಹಲಿಗೆ ಬಂದವನು ನಿನ್ನನ್ನು ಹುಡುಕಿಕೊಂಡು ಕರೋಲ್ ಬಾಗಿಗೆ ಬಂದಿದ್ದ. ನೀನು ಆಫೀಸಿಗೆ ಹೋಗಿದ್ದೆ. ಮನೆಯ ಯಜಮಾನರು ಅವನನ್ನು ಕೂರಿಸಿ ಲಸ್ಸಿ ಕೊಟ್ಟು ನಿನ್ನ ವಂಶವನ್ನು ಹೊಗಳಿದರಂತೆ. ಮೈಸೂರು ಸೀಮೆಯಲ್ಲಿ ನಿಮ್ಮ ತಂದೆಗೆ ಮೂವತ್ತು ಎಕರೆ ತೋಟವಂತೆ. ಯಾವ ಸರ್ವೆ ನಂಬರು ತಿಳಿಸು, ನಮ್ಮ ಶಾನುಭೋಗರಿಂದ ಪಹಣಿ ತೆಗೆಸಿ ಕಳಿಸುತ್ತೇನೆ. ಚನ್ನಕೇಶವ ಏನೂ ಹೇಳದೆ ಲಸ್ಸಿ ಕುಡಿದು ಬಂದ. ನಾನೂ ಇದುವರೆಗೆ ಹೇಳಿರಲಿಲ್ಲ.

ಅಕ್ಕನ ಪರ ತಮ್ಮ ಬರೆದರೆ ನಂಬುವುದಿಲ್ಲವಂತೆ! ತಮ್ಮ ಎಂದು ರುಜು ಹಾಕುವುದಕ್ಕೆ ನಿನಗೇ ಹೆದರಿಕೆ ಎಂದು ನೇರವಾಗಿ ಹೇಳು. ನಾನು ಒಂದು ಸಲ ತಲೆಯಾಡಿಸಿದೆ. ನೀನು ಆರು ವರ್ಷದಿಂದ ದಿನಾ ಬೆಳಿಗ್ಗೆ ಆಡಿಸುತ್ತಿದ್ದೀಯ, ಬಾಗಿಲು ದಾಟುವಾಗಲೆಲ್ಲ.

ನಾನು ಬರೆದರೆ ನನಗೇನಾಗುತ್ತದೆ ಗೊತ್ತೇ? ನಾನಿರುವ ಮನೆ ಮಾವನದು. ನನಗೆ ಮೇಷ್ಟ್ರ ಕೆಲಸ ಕೊಡಿಸಿದ ಶಿಫಾರಸು ಮಾವನದು. ಮೈಮೇಲಿನ ಕೋಟೂ ಮದುವೆಯಲ್ಲಿ ಅವರೇ ಹೊಲಿಸಿದ್ದು. ಬರಿ ಎಂದು ಸಾವಿರದ ಮುನ್ನೂರು ಮೈಲಿ ದೂರದಿಂದ ಹೇಳುವುದು ಬಹಳ ಸುಲಭ ಕಣಯ್ಯ.

ಆವಲಪ್ಪ


ಪಹಾಡ್‌ಗಂಜ್, ದೆಹಲಿ
೬-೯-೧೯೫೯

ಆವಲಪ್ಪ,

ವಿಳಾಸ ಬದಲಾಗಿದೆ, ಗಮನಿಸು.

ಕಾಗದ ಬಂದ ಮೇಲೆ ಎರಡು ತಿಂಗಳು ನಿನ್ನನ್ನು ಬೈದುಕೊಂಡು ಓಡಾಡಿದೆ. ಚನ್ನಕೇಶವನನ್ನೂ ಬೈದೆ, ಅವನು ಕುಡಿದ ಲಸ್ಸಿಯನ್ನೂ ಬೈದೆ. ಬೈಗುಳ ಮುಗಿದ ದಿನ ಯಜಮಾನರ ಹತ್ತಿರ ಹೋಗಿ ನನ್ನ ಪೂರ್ತಿ ಹೆಸರು, ಕೇರಿ, ಅಕ್ಕನ ಕೆಲಸ ಎಲ್ಲ ಹೇಳಿದೆ. ತೋಟ ಇಲ್ಲ ಎಂದೂ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ಅದರಲ್ಲೇನಿದೆ ಬೇಟಾ, ಗಾಂಧೀಜಿ ಏನು ಹೇಳಿದ್ದಾರೆ?" ಎಂದು ಬೆನ್ನು ತಟ್ಟಿದರು. ತಿಂಗಳು ಮುಗಿಯುವ ಹೊತ್ತಿಗೆ ಅವರ ಅಳಿಯನಿಗೆ ಕೋಣೆ ಬೇಕಾಯಿತು. ಅವರಿಗೆ ಮಗಳೇ ಇಲ್ಲ.

ಈ ಕೋಣೆಗೆ ಕಿಟಕಿಯಿಲ್ಲ. ಬಾಗಿಲ ಮೇಲೆ ಮುನಿನಾರಾಯಣಪ್ಪ ಎಂದು ಬರೆಸಿದ್ದೇನೆ. ಬರೆದವನಿಗೆ ಉದ್ದವಾಯಿತೆಂದು ಬೇಜಾರು.

ನೀನು ಹೇಳಿದ್ದು ನಿಜ. ನೀನು ಹೇಳಿದ್ದು ನಿಜವಾದ ಮಾತ್ರಕ್ಕೆ ನಾನು ಹೇಳಿದ್ದು ಸುಳ್ಳಾಗುವುದಿಲ್ಲ. ಈಗ ನಿನ್ನ ಸರದಿ.

ಮುನಿನಾರಾಯಣಪ್ಪ


ಚಿಕ್ಕಬಳ್ಳಾಪುರ
೨೨-೧೧-೧೯೫೯

ಮುನಿನಾರಾಯಣಪ್ಪ,

ಹೋದ ತಿಂಗಳು ಒಂದು ಭಾನುವಾರ ಸಾದಲಿಗೆ ಹೋಗಿದ್ದೆ. ಮೆಕ್ಸಿಕೋಗೆ ಬರೆಯುವ ಮೊದಲು ನಿಮ್ಮಕ್ಕನನ್ನೇ ಕೇಳೋಣ ಎನ್ನಿಸಿತು. ಆಕೆಯ ಹೆಸರಿಗೆ ಪದ ಆರಿಸಲು ನಾವಿಬ್ಬರೂ ಇಷ್ಟು ಅಂಚೆಚೀಟಿ ನೆಕ್ಕಿದೆವು, ಆಕೆಯನ್ನು ಮಾತ್ರ ಕೇಳಿರಲಿಲ್ಲ.

ಹಿಪ್ಪುನೇರಳೆ ಸಾಲಿನ ನಡುವೆ ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಂಡು ನಿಂತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಏನು ಆವಲಪ್ನೋರು ಸಾದಲಿಗಂಟ ಬಂದವ್ರೆ? ನಿಮ್ಮಾವಂಗೆ ಬಾವಿ ಇನ್ನೂ ಶುದ್ಧ ಆಗಿಲ್ವಂತಾ?"

ಪಂಪಿನ ವಿಷಯ, ತಗಡಿನ ವಿಷಯ ಹೇಳಿದೆ. ನಾನು ತಲೆಯಾಡಿಸಿದ್ದನ್ನೂ ಹೇಳಿದೆ. ಆಗ ಕೈ ನಿಂತಿತು.

"ಗೊತ್ತು ಬಿಡಿ. ನಾನು ಆಚೆ ಹುಣಿಸೇಮರದ ತಾವ ನಿಂತು ನೋಡ್ತಾನೇ ಇದ್ದೆ. ಆಯಮ್ಮ ಏನೋ ಕೇಳ್ತು, ನೀವು ತಲೆ ಅಲ್ಲಾಡಿಸಿದ್ರಿ. ಇಂಗ್ಲೀಸು ಬರ್ದೇ ಇದ್ರೂ ತಲೆ ಅಲ್ಲಾಡ್ಸೋದು ಅರ್ಥ ಆಗಲ್ವಾ ನಮಗೆ?"

ನಾನು ನೆಲ ನೋಡುತ್ತ, ನೀನು ದೆಫೆನ್ಸೋರಾ ಎಂಬ ಪದ ಆರಿಸಿದ್ದನ್ನು ಹೇಳಿದೆ.

"ಅಂಗಂದ್ರೆ?"

"ಬೇರೆಯವರಿಗೋಸ್ಕರ ಮುಂದೆ ಬಂದು ಅಡ್ಡ ನಿಲ್ಲೋಳು ಅಂತ."

"ಯಾರಿಗೋಸ್ಕರ? ಆ ಹತ್ತು ಜನಕ್ಕಾ? ನಾಳೆ ಎಲ್ರೂ ಒಟ್ಟಿಗೆ ಸೇದೋಣ ಅಂತ ಹಿಂದಿನ ದಿನ ಎಲ್ಲಾ ಗಂಗಮ್ಮನ ಮೇಲೆ ಆಣೆ ಇಟ್ಟವ್ರೆ. ನಾನು ಹಗ್ಗ ಹಿಡೀತಿದ್ದಂಗೆ ನೂಲು ತೆಗೆದ ಗೂಡಿನ ಹುಳ ಒಣಗಿಸ್ಬೇಕು ಅಂತ ಓಡವ್ರೆ! ಅವರಿಗೆ ನಾನ್ಯಾಕೆ ಅಡ್ಡ ನಿಲ್ಲಲಿ? ನಂಗೆ ಗಂಟ್ಲು ಒಣಗಿತ್ತು, ನಾನು ಸೇದ್ದೆ. ಬರ್ಕೊಳ್ಳಿ, ಮೊದ್ಲು ನನ್ನ ಗಂಟ್ಲು."

ನಿನ್ನ ಕಾಗದ ಜೇಬಿನಲ್ಲೇ ಇತ್ತು. ಮಿಕ್ಕ ಪದಗಳನ್ನೂ ಓದಿದೆ. ಬಾವುಟಕ್ಕೆ "ಥೂ" ಎಂದರು. ಕುದುರೆಗೆ, "ಅದು ನಿಮ್ಮಾವಂಗೇ ಇರಲಿ, ಹತ್ತಿಸೋಕೆ ನಾಕಾಳು ಬೇಕು" ಎಂದರು. ಲುಚಾದೋರಾ ಬಂದಾಗ, ಇದು ನಿಮ್ಮ ತಮ್ಮನಿಗೆ ಬೇಡವಂತೆ, ಕುಸ್ತಿಯವರಿಗೂ ಅದೇ ಪದವಂತೆ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ.

"ನಿಲ್ಲಿ ನಿಲ್ಲಿ. ಕುಸ್ತೀನಾ? ಹೆಂಗಸ್ರೂ ಆಡ್ತಾರಾ ಅಲ್ಲಿ?"

"ಆಡ್ತಾರಂತೆ."

ನಾನು ಹೋದ ಮೇಲೆ ಮೊದಲ ಸಲ ನಕ್ಕರು. "ಅದೇ ಹಾಕ್ಸಿ. ನಿಮ್ಮಾವ ನನ್ನ ಕೆಡವಿರೋದು ನಿಜ. ಬೆನ್ನು ಇನ್ನೂ ಮಣ್ಣಿಗೆ ತಾಕಿಲ್ಲ. ಚಿತ್ ಆಗೋವರ್ಗೂ ಕುಸ್ತಿ ಮುಗೀತು ಅಂತ ಯಾವನು ಹೇಳೋನು? ನನ್ನ ತಮ್ಮಂಗೆ ನಾಚಿಕೆ ಆದ್ರೆ ಆಗ್ಲಿ. ಊರು ಬಿಟ್ಟು ಏಳು ವರ್ಷ ಆಯ್ತು, ಒಂದ್ಸಲ ಬಂದು ನಾಚ್ಕೊಂಡು ಹೋಗು ಅನ್ನಿ."

ಅಂದು ಸಂಜೆಯೇ ಬರೆದೆ. ನಾಲ್ಕು ಸಲ ಬರೆದು ನಾಲ್ಕು ಸಲವೂ ತಮಾಷೆ ನುಸುಳಿತು. ಐದನೆಯ ಸಲ ಇಷ್ಟೇ: "ನೀವು ಕಂಡದ್ದು ಆಶೀರ್ವಾದವಲ್ಲ. ಆಕೆ ಮುಟ್ಟಿದ ಕೊಳೆ ತೊಳೆಯುವ ಶಾಸ್ತ್ರ. ಬಾವಿ ತೆರೆಯಲಿಲ್ಲ, ಆಕೆಯ ಕೆಲಸ ಹೋಯಿತು.  ನಿಮ್ಮ ಪ್ರಶ್ನೆಗೆ ಹೌದು ಎಂದು ತಲೆಯಾಡಿಸಿದ ನಾನು ಸುಳ್ಳು ಹೇಳಿದೆ. ಹೆಸರು ಮುನಿಶಾಮಮ್ಮ. ಪದ ಲುಚಾದೋರಾ, ಆಕೆಯೇ ಆರಿಸಿದ್ದು."

ಶ್ಯಾಮಲಮ್ಮ ಓದಿ, "ನಮ್ಮಪ್ಪನ ಹೆಸರು ಹಿತ್ತಾಳೇಲಿ ಬರುತ್ತೆ ಅಂತ ಊರಿಗೆಲ್ಲ ಸಾರಿ ಆಗಿದೆ. ಈಗ ನಾನು ಯಾವ ಮುಖ ಹೊತ್ಕೊಂಡು ಹೋಗ್ಲಿ ಹಬ್ಬಕ್ಕೆ?" ಎಂದಳು. ಆದರೂ ಹೋದಳು. ದೀಪಾವಳಿಗೆ ಹೋದವಳು ಇನ್ನೂ ಬಂದಿಲ್ಲ. ಮನೆ ಖಾಲಿ ಮಾಡುವಂತೆ ಮಾವನಿಂದ ಮಾತು ಬಂದಿದೆ. ಅವರಿಗೂ ಯಾರೋ ಅಳಿಯನಿಗೆ ಬೇಕಂತೆ. ಇರುವ ಅಳಿಯ ನಾನೊಬ್ಬನೇ.

ಆವಲಪ್ಪ


ಪಹಾಡ್‌ಗಂಜ್
೧೫-೨-೧೯೬೦

ಆವಲಪ್ಪಾ,

ಸೆನ್ಯೋರಾ ನಿನಗೆ ಬರೆದ ಉತ್ತರ, ನೀನು ಕೊಟ್ಟಿದ್ದ ನನ್ನ ವಿಳಾಸಕ್ಕೆ ಬಂದಿದೆ. ಇಂಗ್ಲಿಷಿನಲ್ಲಿ ಇಷ್ಟು ಸಿಟ್ಟು ಬರೆಯಲು ಬರುವುದಿಲ್ಲವಾದ್ದರಿಂದ ಸ್ಪ್ಯಾನಿಷಿನಲ್ಲಿ ಬರೆದು, ಅನುವಾದಿಸಿ ಕಳಿಸು ಎಂದಿದ್ದಾರೆ. ಮೊದಲ ಅರ್ಧ ಪುಟ ನಿನ್ನನ್ನು ಬೈದದ್ದು. ಅದನ್ನು ಅನುವಾದಿಸುವುದಿಲ್ಲ, ರುಚಿ ಕೆಡುತ್ತದೆ. ಮುಂದಿನ ಅರ್ಧ ಪುಟ ತಮ್ಮನ್ನೇ ಬೈದುಕೊಂಡದ್ದು: ಬಾವಿಯ ಬಳಿ ಅಷ್ಟು ಹೊತ್ತು ನಿಂತರೂ ಆ ಹೆಂಗಸನ್ನು ಒಂದು ಮಾತು ಕೇಳದೆ ಕೋಟು ಹಾಕಿದವನನ್ನು ಕೇಳಿದೆನಲ್ಲ ಎಂದು.

ಅದೇ ಫೋಟೋವನ್ನು ಪತ್ರಿಕೆಯಲ್ಲಿ ಮತ್ತೆ ಹಾಕಿದ್ದಾರೆ. ಚೊಂಬು ಹಿಡಿದ ನಿನ್ನ ಮಾವ, ಪಕ್ಕದಲ್ಲಿ ನೀನು. ಕೆಳಗೆ ಬರೆದಿರುವುದು: ಬಾವಿ ತೊಳೆಯುತ್ತಿರುವವರು. ಪಂಪು ಬರುತ್ತದೆ, ಶೆಡ್ಡಿಗಲ್ಲ, ಕೇರಿಗೆ.

ಪದದ ಬಗ್ಗೆ ಸೆನ್ಯೋರಾ ಒಂದೇ ಸಾಲು ಬರೆದಿದ್ದಾರೆ: "ಇದನ್ನೇ ನಾನೂ ಬಯಸಿದ್ದೆ, ಹೇಳಿದರೆ ನೀವು ಒರಟು ಎನ್ನುತ್ತೀರೆಂದು ಹೆದರಿದೆ." ನಾನು ಒರಟು ಎಂದೇ ಅಂದಿದ್ದೆ. ಅಕ್ಕನಿಗೆ ಇಸ್ತ್ರಿ ಮಾಡಿದ ಪದ ಹುಡುಕುತ್ತಿದ್ದೆ. ಎಂ. ನಾರಾಯಣನ ಅಕ್ಕನಿಗೆ ಒಪ್ಪುವಂಥದ್ದು.

ರಜೆಗೆ ಅರ್ಜಿ ಹಾಕಿದ್ದೇನೆ. ನಾಚಿಕೊಳ್ಳಲು ಹದಿನೈದು ದಿನ ಸಾಕಾಗುತ್ತದೆಯೇ ಕೇಳಿ ತಿಳಿಸು.

ಮುನಿನಾರಾಯಣಪ್ಪ


ಚಿಕ್ಕಬಳ್ಳಾಪುರ
೧೮-೪-೧೯೬೧

ಪ್ರಿಯ ಮುನಿನಾರಾಯಣಪ್ಪ,

ನೀನು ಬಂದುಹೋದ ಮೇಲೆ ಇನ್ನೂ ಹತ್ತು ತಿಂಗಳು ಪಂಪು ಮದ್ರಾಸಿನ ಬಂದರಿನಲ್ಲಿ ಕೂತಿತ್ತು. ಇದು ಯಂತ್ರವೋ, ಕೃಷಿ ಸಾಮಗ್ರಿಯೋ, ಧರ್ಮದ ವಸ್ತುವೋ ಎಂದು ಸುಂಕದವರಿಗೆ ಜಿಜ್ಞಾಸೆ. ಆದಿ ಶಂಕರರಿದ್ದರೆ ಒಂದು ಭಾಷ್ಯ ಬರೆಯುತ್ತಿದ್ದರು. ಅಂತೂ ನಿನ್ನೆ ಕೇರಿಯಲ್ಲಿ ನೆಟ್ಟರು.

ನಾನು ಬೆಳಿಗ್ಗೆ ಎಂಟಕ್ಕೇ ಹೋಗಿದ್ದೆ. ಕೇರಿಯ ಶಾಲೆಯ ಅನಸೂಯಮ್ಮ ಟೀಚರು ತಗಡನ್ನು ಸೆರಗಿನಿಂದ ಒರೆಸಿ ಗಟ್ಟಿಯಾಗಿ ಓದಿದರು: ಲುಚಾದೋರಾ, ಮುನಿಶಾಮಮ್ಮ. ಎಲ್ಲರೂ ಚಪ್ಪಾಳೆ ಹೊಡೆದರು. ನಿಮ್ಮಕ್ಕ ಹೊಡೆಯಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಪಿನ ಹಿಡಿ ಹಿಡಿದರು. ಶೆಡ್ಡಿನ ಆ ಹತ್ತು ಜನವೂ ಬಿಂದಿಗೆ ತಂದಿದ್ದರು. "ಬನ್ನಿ ತಾಯಂದಿರಾ, ಇವತ್ತು ಹುಳ ಒಣಗಿಸಾಯ್ತಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತ ಎಲ್ಲರ ಬಿಂದಿಗೆಯನ್ನೂ ತುಂಬಿದರು. ಬಯ್ಯಪ್ಪ ಕೂಡ ದೂರದಲ್ಲಿ ನಿಂತು ನೋಡಿದ. ಪಾಪ, ಅವನ ಉದ್ಯೋಗ ಹೋಗುವ ಲಕ್ಷಣ.

ಮಾವನವರು ಬರಲಿಲ್ಲ. "ಮೆಕ್ಸಿಕೋ ಕಬ್ಬಿಣ ತುಕ್ಕು ಹಿಡಿಯುತ್ತೆ ನೋಡ್ತಿರಿ" ಎಂದು ಹೇಳಿ ಕಳಿಸಿದರು. ಶ್ಯಾಮಲಮ್ಮ ಮೊನ್ನೆ ಯುಗಾದಿಗೆ ಬಾಡಿಗೆ ಮನೆಗೇ ಬಂದಳು. ಏಕೆ ಹೋದಳು, ಏಕೆ ಬಂದಳು ಎರಡನ್ನೂ ಹೇಳಿಲ್ಲ. ನಾನು ಕೇಳಿಲ್ಲ, ಧೈರ್ಯಕ್ಕೂ ಒಂದು ಮಿತಿಯಿದೆ.

ಬಿಸಿಲೆಂದರೆ ಬಿಸಿಲು. ಸಂಜೆ ಐದರ ಸಣ್ಣ ರೈಲಿಗೆ ಹೊರಟೆ. ಸ್ಟೇಷನ್ನಿನಲ್ಲಿ ಎರಡು ಗೋಲಿ ಸೋಡಾ ಕುಡಿದ ಮೇಲೆ ಜೀವ ಬಂತು.

ನಿನ್ನ
ಆವಲಪ್ಪ


ಪಹಾಡ್‌ಗಂಜ್
೨೯-೪-೧೯೬೧

ಆವಲಪ್ಪ,

ಎಂಟರಿಂದ ಐದರವರೆಗೆ ಪಂಪಿನ ಪಕ್ಕದಲ್ಲೇ ನಿಂತಿದ್ದವನಿಗೆ ಸ್ಟೇಷನ್ನಿನಲ್ಲಿ ಎರಡು ಸೋಡಾ ಬೇಕಾಯಿತೇ?

ಉತ್ತರ ತಮಾಷೆಯಾಗಿದ್ದರೆ ಬರೆಯಬೇಡ.

ಮುನಿನಾರಾಯಣಪ್ಪ


ಶಿಡ್ಲಘಟ್ಟ ಸ್ಟೇಷನ್
೧೪-೫-೧೯೬೧

ಮುನಿನಾರಾಯಣಪ್ಪ,

ಕುಡಿದಿರಲಿಲ್ಲ. ನಿಮ್ಮ ನಲ್ಲಪ್ಪ ಮಾವ ತಂಬಿಗೆ ತುಂಬಿ ತಂದು ಮುಂದೆ ಹಿಡಿದರು. "ಈಗ ತಾನೇ ಕಾಫಿ ಆಯ್ತು" ಎಂದೆ. ಕಾಫಿ ಆಗಿದ್ದು ಬೆಳಿಗ್ಗೆ ಆರಕ್ಕೆ. ಬೇಡವೆಂದು ಯಾರೂ ನನ್ನ ಕೈ ಹಿಡಿದಿರಲಿಲ್ಲ, ನನ್ನ ಮಾವನವರು ಭುಜದ ಪಕ್ಕದಲ್ಲಿರಲಿಲ್ಲ. ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಕಾಗದದಲ್ಲಿ ಬರೆದ ನಿಜ ನನ್ನ ಗಂಟಲಿನವರೆಗೆ ಇಳಿದಿರಲಿಲ್ಲ. ನಿಮ್ಮಕ್ಕ ನೋಡಿದರು, ನೋಡಿ ಮುಂದಿನ ಬಿಂದಿಗೆಗೆ ಪಂಪು ಹೊಡೆದರು. ನನಗೊಂದು ಮಾತು ಅನ್ನಬೇಕಾಗಿತ್ತು.

ನಿನ್ನ ಕಾರ್ಡು ಬಂದು ಹತ್ತು ದಿನ ಮೇಜಿನ ಮೇಲಿತ್ತು. ಇವತ್ತು ಬಂದೆ. ನೇರ ಪಂಪಿನ ಹತ್ತಿರ ಹೋಗಿ ಬೊಗಸೆಯೊಡ್ಡಿದೆ.

"ಸಾಲೈತೆ" ಎಂದರು ನಿಮ್ಮಕ್ಕ.

"ಒಂದು ಬೊಗಸೆ ಅಷ್ಟೇ ಮುನಿಶಾಮಮ್ಮ."

"ಬೊಗಸೇನೋ ಬಿಂದಿಗೇನೋ, ಸಾಲು ಸಾಲೇ. ಹೋಗಿ ಕೊನೇಲಿ ನಿಂತ್ಕೊಳ್ಳಪ್ಪ. ನಿಂಗೆ ಇಲ್ಲಿ ಯಾರೂ ಹುಯ್ಯಲ್ಲ, ನೀನೇ ಹೊಡ್ಕೋಬೇಕು."

ನನ್ನ ಮುಂದೆ ಒಂಬತ್ತು ಬಿಂದಿಗೆ. ತಲೆಯ ಮೇಲೆ ವೈಶಾಖದ ಬಿಸಿಲು. ನಾಲಗೆ ಅಂಗುಳಿಗೆ ಅಂಟಿತು. ಸಿಟ್ಟೂ ಬಂತು ಕಣಯ್ಯ, ಮುಚ್ಚಿಡುವುದಿಲ್ಲ: ಮನೆ ಕಳೆದುಕೊಂಡು ಕಾಗದ ಬರೆದವನು ನಾನು, ನನ್ನನ್ನೇ ಸಾಲಿನಲ್ಲಿ ನಿಲ್ಲಿಸುತ್ತಾಳಲ್ಲ ಎಂದು. ಆ ಸಿಟ್ಟು ಇಳಿಯಲು ಆರು ಬಿಂದಿಗೆ ತುಂಬುವಷ್ಟು ಹೊತ್ತು ಬೇಕಾಯಿತು.

ಸರದಿ ಬಂದಾಗ ಬಲಗೈಯಲ್ಲಿ ಹಿಡಿ ಒತ್ತಿ ಎಡಗೈ ಒಡ್ಡಿದೆ. ನೀರು ಕೈಯನ್ನು ಬಿಟ್ಟು ಮಿಕ್ಕ ಎಲ್ಲ ಕಡೆಗೂ ಬಂತು, ಪಂಚೆ ಪೂರ್ತಿ ನೆನೆಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ಅಂಗೈ ತುಂಬಿತು. ಕುಡಿದೆ. ಇನ್ನೊಂದು ಸಲ ತುಂಬಿಸಿ ಕುಡಿದೆ. ತಲೆಯೆತ್ತಿ ನಿಮ್ಮಕ್ಕನನ್ನು ನೋಡಿದೆ, ಆಕೆ ಏನಾದರೂ ಒಂದು ಮಾತು ಹೇಳಬಹುದೆಂದು.

"ಕುಡಿದಾಯ್ತಾ?" ಎಂದರು. "ಸರಿ, ಪಕ್ಕಕ್ಕೆ ಬಾ. ಹಿಂದೆ ಜನ ಕಾಯ್ತಾವ್ರೆ."

ಆವಲಪ್ಪ